ಜಾಲತಾಣಕ್ಕೆ ಹೆಸರು: ಆಯ್ಕೆ, ನೋಂದಣಿ ಮತ್ತು ಒಡೆತನ
(ಸ್ವಸಹಾಯ ಗುಂಪುಗಳು, ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟಗಳು ಹಾಗೂ ಗ್ರಾಮೀಣ ಕಿರು ಉದ್ಯಮಿಗಳಿಗಾಗಿ ಅಧ್ಯಯನ ಪಾಠ)

1. ಪಾಠದ ಉದ್ದೇಶ

ಗ್ರಾಮೀಣ ಉತ್ಪನ್ನಗಳು ಸಂತೆ ಮತ್ತು ಮೇಳಗಳ ಎಲ್ಲೆಯನ್ನು ದಾಟಿ ದೂರದ ನಗರಗಳ ಗ್ರಾಹಕರನ್ನು ತಲುಪುತ್ತಿರುವ ಈ ದಿನಗಳಲ್ಲಿ ಅನೇಕ ಗುಂಪುಗಳು ಸ್ವಂತ ಜಾಲತಾಣವನ್ನು ಹೊಂದಲು ಮುಂದಾಗುತ್ತಿವೆ. ಜಾಲತಾಣದ ವಿನ್ಯಾಸ, ಚಿತ್ರ ಮತ್ತು ಬೆಲೆಪಟ್ಟಿಗಳನ್ನು ಯಾವಾಗ ಬೇಕಾದರೂ ಬದಲಾಯಿಸಬಹುದು. ಆದರೆ ಅದರ ಹೆಸರನ್ನು ಪೊಟ್ಟಣದ ಮೇಲೆ, ಫಲಕದ ಮೇಲೆ, ರಸೀದಿಯ ಮೇಲೆ ಒಮ್ಮೆ ಮುದ್ರಿಸಿದ ನಂತರ ಬದಲಾಯಿಸುವುದು ಕಷ್ಟ. ಗ್ರಾಹಕರ ನೆನಪಿನಲ್ಲಿ ಉಳಿಯುವುದೂ ಆ ಹೆಸರೇ. ಆದುದರಿಂದ ಹೆಸರನ್ನು ಹೇಗೆ ಆರಿಸಬೇಕು, ಅದರ ಒಡೆತನ ಗುಂಪಿನ ಕೈಯಲ್ಲಿಯೇ ಉಳಿಯುವಂತೆ ಹೇಗೆ ನೋಡಿಕೊಳ್ಳಬೇಕು ಎಂಬುದನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

ಅಧ್ಯಯನದ ಅನುಕೂಲಕ್ಕಾಗಿ ಒಂದು ಗುಂಪನ್ನು ಊಹಿಸಿಕೊಳ್ಳಬಹುದು. ಅದು ಕಲಬುರಗಿ ಜಿಲ್ಲೆಯ ಒಂದು ಗ್ರಾಮದ ಹನ್ನೆರಡು ಮಹಿಳೆಯರ ಗುಂಪು. ತೊಗರಿಯನ್ನು ಬೇಳೆ ಮಾಡಿ, ಒಂದು ಕಿಲೋ ಪೊಟ್ಟಣಗಳಲ್ಲಿ ಮಾರಾಟ ಮಾಡುತ್ತದೆ. ಗುಂಪಿನ ದಾಖಲೆಯ ಹೆಸರು ‘ಶ್ರೀ ಲಕ್ಷ್ಮಿ ಮಹಿಳಾ ಸ್ವಸಹಾಯ ಗುಂಪು’. ಮುಂದಿನ ಭಾಗಗಳಲ್ಲಿ ಈ ಗುಂಪು ಹೆಸರನ್ನು ಹುಡುಕುವ ಬಗೆಯನ್ನು ಹಂತ ಹಂತವಾಗಿ ನೋಡಲಾಗುವುದು.

2. ಡೊಮೇನ್ ಹೆಸರು ಎಂದರೇನು

ಅಂತರ್ಜಾಲದಲ್ಲಿ ಜಾಲತಾಣವೊಂದನ್ನು ತಲುಪಲು ಟೈಪ್ ಮಾಡುವ ವಿಳಾಸವೇ ಡೊಮೇನ್ ಹೆಸರು. ಅದರಲ್ಲಿ ಮುಖ್ಯವಾಗಿ ಎರಡು ಭಾಗಗಳಿರುತ್ತವೆ. ಮೊದಲನೆಯದು ಉದ್ಯಮವು ಆರಿಸಿಕೊಳ್ಳುವ ಪದ. ಎರಡನೆಯದು ಚುಕ್ಕೆಯ ನಂತರ ಬರುವ ‘ಇನ್’, ‘ಕಾಮ್’ ಮೊದಲಾದ ವಿಸ್ತರಣೆ. ಇಂಗ್ಲಿಷ್ ಲಿಪಿಯ ಹೆಸರಿನ ಮೊದಲ ಭಾಗದಲ್ಲಿ ಇಂಗ್ಲಿಷ್ ಅಕ್ಷರಗಳು, ಅಂಕಿಗಳು ಮತ್ತು ಕಿರುಗೆರೆ ಮಾತ್ರ ಇರಬಹುದು. ಕಿರುಗೆರೆಯು ಪದದ ಆರಂಭದಲ್ಲಾಗಲಿ ಕೊನೆಯಲ್ಲಾಗಲಿ ಬರುವಂತಿಲ್ಲ. ಈ ಭಾಗವು ಗರಿಷ್ಠ 63 ಅಕ್ಷರಗಳಷ್ಟು ಉದ್ದವಿರಬಹುದಾದರೂ 15 ಅಕ್ಷರಗಳನ್ನು ಮೀರದಿರುವುದು ಒಳಿತು.

ಡೊಮೇನ್ ಹೆಸರನ್ನು ಶಾಶ್ವತವಾಗಿ ಖರೀದಿಸಲು ಬರುವುದಿಲ್ಲ ಎಂಬುದನ್ನು ಮುಖ್ಯವಾಗಿ ಗಮನಿಸತಕ್ಕದ್ದು. ಅದನ್ನು 1 ವರ್ಷದಿಂದ 10 ವರ್ಷಗಳವರೆಗಿನ ಅವಧಿಗೆ ನೋಂದಾಯಿಸಿಕೊಂಡು, ಅವಧಿ ಮುಗಿಯುವ ಮುನ್ನ ನವೀಕರಿಸಬೇಕು. ಈ ದೃಷ್ಟಿಯಿಂದ ಅದು ಸ್ವಂತ ಜಮೀನಿಗಿಂತ ಗುತ್ತಿಗೆಯ ಜಮೀನನ್ನು ಹೆಚ್ಚು ಹೋಲುತ್ತದೆ. ಗುತ್ತಿಗೆ ಕರಾರು ಯಾರ ಹೆಸರಿನಲ್ಲಿದೆಯೋ ಅವರಿಗೇ ಹಕ್ಕು. ಕಂತು ತಪ್ಪಿದರೆ ಹಕ್ಕೂ ತಪ್ಪುತ್ತದೆ.

3. ಕನ್ನಡದ ಪದ, ಇಂಗ್ಲಿಷ್ ಅಕ್ಷರ

ಗ್ರಾಮೀಣ ಉದ್ಯಮಗಳು ಎದುರಿಸುವ ಮೊದಲ ತೊಡಕು ಇದು. ಕನ್ನಡದ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ಹ್ರಸ್ವ–ದೀರ್ಘಗಳ ಭೇದವೂ, ‘ಲ’ಕಾರ–‘ಳ’ಕಾರಗಳ ಭೇದವೂ ಅಳಿಸಿಹೋಗುತ್ತವೆ. ಬಿ, ಇ, ಎಲ್, ಇ ಎಂಬ ನಾಲ್ಕು ಅಕ್ಷರಗಳನ್ನು ‘ಬೇಳೆ’ ಎಂದೂ, ‘ಬೆಳೆ’ ಎಂದೂ, ‘ಬೆಲೆ’ ಎಂದೂ ಓದಬಹುದು. ತೊಗರಿಬೇಳೆಯ ಗುಂಪಿನ ಹೆಸರನ್ನು ಗ್ರಾಹಕರು ಬೆಲೆಪಟ್ಟಿಯ ತಾಣವೆಂದು ಭಾವಿಸಿದರೂ ಆಶ್ಚರ್ಯವಿಲ್ಲ.

ಇದಕ್ಕೆ ವಿರುದ್ಧವಾದ ತೊಡಕೂ ಇದೆ. ಒಂದೇ ಪದವನ್ನು ಬೇರೆ ಬೇರೆ ಜನರು ಬೇರೆ ಬೇರೆ ರೀತಿಯಲ್ಲಿ ಬರೆಯುತ್ತಾರೆ. ‘ಶ್ರೀ’ ಎಂಬುದನ್ನು ಎಸ್ ನಂತರ ಎಚ್ ಸೇರಿಸಿ ಬರೆಯುವವರೂ ಸೇರಿಸದೆ ಬರೆಯುವವರೂ ಇದ್ದಾರೆ. ಕೊನೆಯಲ್ಲಿ ಐ ಬರೆಯುವವರೂ ಎರಡು ಇ ಬರೆಯುವವರೂ ಇದ್ದಾರೆ. ಅಲ್ಲಿಗೆ ನಾಲ್ಕು ರೂಪಗಳಾದವು. ‘ಲಕ್ಷ್ಮಿ’ ಎಂಬುದನ್ನು ಕೆ-ಎಸ್-ಎಚ್ ಬಳಸಿ, ಎಕ್ಸ್ ಬಳಸಿ, ಅಥವಾ ಕೊನೆಯಲ್ಲಿ ಎರಡು ಇ ಇರಿಸಿ ಬರೆಯುವ ಮೂರು ರೂಪಗಳಾದರೂ ಬಳಕೆಯಲ್ಲಿವೆ. ಎರಡೂ ಸೇರಿ ‘ಶ್ರೀ ಲಕ್ಷ್ಮಿ’ ಎಂಬ ಹೆಸರಿಗೆ 12 ಬರಹರೂಪಗಳಾಗುತ್ತವೆ. ಗುಂಪು ನೋಂದಾಯಿಸುವುದು ಅವುಗಳಲ್ಲಿ ಒಂದನ್ನು ಮಾತ್ರ. ಉಳಿದ 11 ರೂಪಗಳನ್ನು ಟೈಪ್ ಮಾಡಿದ ಗ್ರಾಹಕರು ಬೇರೆಲ್ಲಿಗೋ ಹೋಗುತ್ತಾರೆ.

ದೇವರ ಹೆಸರಿಟ್ಟ ಗುಂಪು ಆ ಹೆಸರನ್ನು ಕೈಬಿಡಬೇಕೆಂದು ಇದರ ಅರ್ಥವಲ್ಲ. ಬ್ಯಾಂಕ್ ಖಾತೆ ಮತ್ತು ನಡಾವಳಿ ಪುಸ್ತಕದಲ್ಲಿ ಅದೇ ಹೆಸರು ಮುಂದುವರಿಯಲಿ. ಮಾರಾಟಕ್ಕೆ ಮಾತ್ರ, ಒಂದೇ ರೀತಿಯಲ್ಲಿ ಬರೆಯಬಹುದಾದ ಚಿಕ್ಕ ಹೆಸರೊಂದನ್ನು ಆರಿಸಿಕೊಳ್ಳುವುದು ಸೂಕ್ತ.

ಆರಿಸಿದ ಹೆಸರನ್ನು ಪರೀಕ್ಷಿಸಲು ಖರ್ಚಿಲ್ಲದ ವಿಧಾನವೊಂದಿದೆ. ಹೆಸರನ್ನು ಎಂದೂ ನೋಡಿರದ ಐವರಿಗೆ ದೂರವಾಣಿಯಲ್ಲಿ ಅದನ್ನು ಒಮ್ಮೆ ಮಾತ್ರ ಹೇಳಿ, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕಳುಹಿಸುವಂತೆ ಕೋರಬೇಕು. ಐವರೂ ಒಂದೇ ರೀತಿ ಬರೆದರೆ ಹೆಸರು ಉತ್ತಮ. ಒಬ್ಬಿಬ್ಬರು ಬೇರೆ ರೀತಿ ಬರೆದರೆ ಆ ಎರಡನೆಯ ರೂಪವನ್ನೂ ನೋಂದಾಯಿಸಿ, ಅದು ಮೊದಲನೆಯದಕ್ಕೇ ಕರೆದೊಯ್ಯುವಂತೆ ಜೋಡಿಸಬೇಕು. ಮೂರಕ್ಕಿಂತ ಹೆಚ್ಚು ರೂಪಗಳು ಬಂದರೆ ಆ ಹೆಸರನ್ನು ಬಿಡುವುದು ಲೇಸು. ಅಂಕಿಗಳನ್ನೂ ಕಿರುಗೆರೆಯನ್ನೂ ಬಾಯಿಮಾತಿನಲ್ಲಿ ತಿಳಿಸುವುದು ಕಷ್ಟವಾದ್ದರಿಂದ ಅವುಗಳನ್ನು ಬಳಸದಿರುವುದೇ ಮೇಲು.

4. ಊರಿನ ಹೆಸರು, ಉತ್ಪನ್ನದ ಹೆಸರು

ಊರಿನ ಹೆಸರು ನಂಬಿಕೆಯನ್ನು ತರುತ್ತದೆ. ಆದರೆ ಅದರ ಬರಹರೂಪ ಬದಲಾಗಬಹುದು. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರುಗಳು ಅಧಿಕೃತವಾಗಿ ಬದಲಾದವು. ಅಂದು ಗುಲ್ಬರ್ಗಾ ಕಲಬುರಗಿಯಾಯಿತು, ಬಿಜಾಪುರ ವಿಜಯಪುರವಾಯಿತು, ಬೆಳಗಾಂ ಬೆಳಗಾವಿಯಾಯಿತು. ಹಳೆಯ ರೂಪವನ್ನು ಡೊಮೇನ್ ಹೆಸರಿನಲ್ಲಿ ಸೇರಿಸಿಕೊಂಡವರ ವಿಳಾಸದಲ್ಲಿ ಹಳೆಯ ರೂಪವೇ ಉಳಿಯುತ್ತದೆ, ಜನರ ಬಳಕೆಯಲ್ಲಿ ಹೊಸ ರೂಪ ಬೆಳೆಯುತ್ತದೆ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಗುಲ್ಬರ್ಗಾ ತೊಗರಿ ಬೇಳೆ, ಬ್ಯಾಡಗಿ ಮೆಣಸಿನಕಾಯಿ, ಇಳಕಲ್ ಸೀರೆ, ಚನ್ನಪಟ್ಟಣದ ಗೊಂಬೆ ಮೊದಲಾದ ಹೆಸರುಗಳಿಗೆ ಭೌಗೋಳಿಕ ಸೂಚಿಕೆ, ಅಂದರೆ ಜಿಐ ಮಾನ್ಯತೆ ದೊರೆತಿದೆ. 1999ರ ಭೌಗೋಳಿಕ ಸೂಚಿಕೆಗಳ ಕಾಯ್ದೆಯಡಿ ಇಂತಹ ಹೆಸರನ್ನು ಸರಕಿಗೆ ಬಳಸುವ ಹಕ್ಕು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡವರಿಗೆ ಸೇರಿದ್ದು. ಅಂತಹ ನೋಂದಣಿಯಿಲ್ಲದೆ ಆ ಹೆಸರನ್ನೇ ಮಾರಾಟದ ವಿಳಾಸವನ್ನಾಗಿ ಮಾಡಿಕೊಳ್ಳಬಾರದು.

ಉತ್ಪನ್ನದ ಹೆಸರನ್ನೇ ಇಡುವುದರಲ್ಲಿಯೂ ಮಿತಿಯಿದೆ. ಇಂದು ತೊಗರಿಬೇಳೆ ಮಾರುವ ಗುಂಪು ನಾಳೆ ಜೋಳದ ರೊಟ್ಟಿಯನ್ನೋ ಶೇಂಗಾ ಹಿಂಡಿಯನ್ನೋ ಮಾರಬಹುದು. ಆಗ ಹೆಸರು ಇಕ್ಕಟ್ಟಾಗುತ್ತದೆ. ಅಲ್ಲದೆ, ಸರಕನ್ನು ಕೇವಲ ವರ್ಣಿಸುವ ಪದದ ಮೇಲೆ ಒಬ್ಬರೇ ಹಕ್ಕು ಸ್ಥಾಪಿಸುವುದು ವ್ಯಾಪಾರಚಿಹ್ನೆಯ ಕಾನೂನಿನಲ್ಲಿಯೂ ಕಷ್ಟ.

5. ಅನ್ಯರ ಹೆಸರಿನೊಡನೆ ಹೋಲಿಕೆ

ಆರಿಸಿದ ಪದವು ಖಾಲಿ ಇದೆ ಎಂದು ನೋಂದಣಿ ಸಂಸ್ಥೆಯ ಹುಡುಕಾಟದಲ್ಲಿ ಕಂಡ ಮಾತ್ರಕ್ಕೆ ಅದನ್ನು ಬಳಸಬಹುದೆಂದು ಭಾವಿಸಬಾರದು. ಈ ವಿಷಯದಲ್ಲಿ ಸತ್ಯಂ ಇನ್ಫೋವೇ ಮತ್ತು ಸಿಫಿನೆಟ್ ಸಲ್ಯೂಷನ್ಸ್ ನಡುವಿನ ಮೊಕದ್ದಮೆ ಅಧ್ಯಯನಯೋಗ್ಯವಾಗಿದೆ. ಮೊದಲನೆಯ ಸಂಸ್ಥೆಯು 1999ರಿಂದ ‘ಸಿಫಿ’ ಎಂಬ ಪದವುಳ್ಳ ಡೊಮೇನ್ ಹೆಸರುಗಳನ್ನು ಬಳಸುತ್ತಿತ್ತು. ಎರಡನೆಯ ಸಂಸ್ಥೆಯು 2001 ಮತ್ತು 2002ರಲ್ಲಿ ಅದೇ ಪದಕ್ಕೆ ಇನ್ನೊಂದು ಎಫ್ ಅಕ್ಷರವನ್ನು ಸೇರಿಸಿದ ಹೆಸರುಗಳನ್ನು ನೋಂದಾಯಿಸಿಕೊಂಡಿತು. ಬೆಂಗಳೂರಿನ ನಗರ ಸಿವಿಲ್ ನ್ಯಾಯಾಲಯವು ತಾತ್ಕಾಲಿಕ ತಡೆಯಾಜ್ಞೆ ನೀಡಿತು. ಕರ್ನಾಟಕ ಉಚ್ಚ ನ್ಯಾಯಾಲಯವು ಅದನ್ನು ತೆರವುಗೊಳಿಸಿತು. ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ ಸಿವಿಲ್ ನ್ಯಾಯಾಲಯದ ಆದೇಶವನ್ನು ಮತ್ತೆ ಎತ್ತಿಹಿಡಿಯಿತು. ಡೊಮೇನ್ ಹೆಸರು ಬರಿಯ ವಿಳಾಸವಲ್ಲ, ಅದಕ್ಕೆ ವ್ಯಾಪಾರಚಿಹ್ನೆಯ ಲಕ್ಷಣಗಳಿದ್ದು, ಒಬ್ಬರ ಸರಕನ್ನು ಇನ್ನೊಬ್ಬರದೆಂದು ತೋರಿಸುವುದರ ವಿರುದ್ಧದ ರಕ್ಷಣೆ ಅದಕ್ಕೂ ಅನ್ವಯಿಸುತ್ತದೆ ಎಂಬುದು ಆ ತೀರ್ಪಿನ ಸಾರ. ಒಂದು ಅಕ್ಷರದ ವ್ಯತ್ಯಾಸವು ರಕ್ಷಣೆಯಾಗಲಿಲ್ಲ.

ಆದುದರಿಂದ ಮೂರು ಕಡೆ ಪರಿಶೀಲಿಸತಕ್ಕದ್ದು: ನೋಂದಣಿ ಸಂಸ್ಥೆಯ ಹುಡುಕಾಟದಲ್ಲಿ, ವ್ಯಾಪಾರಚಿಹ್ನೆ ನೋಂದಣಿ ಕಚೇರಿಯ ಉಚಿತ ಸಾರ್ವಜನಿಕ ಹುಡುಕಾಟದಲ್ಲಿ, ಮತ್ತು ಸಾಮಾನ್ಯ ಅಂತರ್ಜಾಲ ಹುಡುಕಾಟದಲ್ಲಿ.

6. ವಿಸ್ತರಣೆಯ ಆಯ್ಕೆ

‘ಡಾಟ್ ಇನ್’ ಭಾರತದ ವಿಸ್ತರಣೆ. ಅದರ ನೋಂದಣಿ ವ್ಯವಸ್ಥೆಯನ್ನು ನ್ಯಾಷನಲ್ ಇಂಟರ್‌ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ, ಅಂದರೆ ನಿಕ್ಸಿ, ನಿರ್ವಹಿಸುತ್ತದೆ. ದೇಶದೊಳಗೇ ಮಾರುವ ಉದ್ಯಮಕ್ಕೆ ಇದು ಸಾಕಾಗುತ್ತದೆ. ‘ಡಾಟ್ ಕಾಮ್’ ಜನರ ಬಾಯಲ್ಲಿ ರೂಢಿಯಾಗಿರುವುದರಿಂದ ಸಾಧ್ಯವಾದರೆ ಎರಡನ್ನೂ ಪಡೆಯಬಹುದು. ‘ಗವ್ ಡಾಟ್ ಇನ್’ ಸರ್ಕಾರಿ ಕಚೇರಿಗಳಿಗೆ ಮೀಸಲು. ಗುಂಪುಗಳಿಗೆ ಅದು ದೊರೆಯುವುದಿಲ್ಲ.

ಕನ್ನಡ ಲಿಪಿಯಲ್ಲಿಯೇ ‘ಡಾಟ್ ಭಾರತ’ ಎಂಬ ವಿಸ್ತರಣೆಯೂ ಇದೆ. ಅದರಲ್ಲಿ ಹೆಸರಿನ ಎರಡೂ ಭಾಗಗಳನ್ನು ಕನ್ನಡದಲ್ಲಿಯೇ ಬರೆಯಬಹುದಾದ್ದರಿಂದ ಬೇಳೆ–ಬೆಲೆಗಳ ಗೊಂದಲ ಉಂಟಾಗುವುದಿಲ್ಲ. ಆದರೆ ಕನ್ನಡ ಲಿಪಿಯ ವಿಳಾಸವನ್ನು ಸ್ವೀಕರಿಸದ ಇಮೇಲ್ ವ್ಯವಸ್ಥೆಗಳೂ ಅರ್ಜಿ ನಮೂನೆಗಳೂ ಇವೆ. ಆದ್ದರಿಂದ ಇದನ್ನು ಜೊತೆಯ ಹೆಸರಾಗಿ ಇರಿಸಿಕೊಳ್ಳುವುದು ಸೂಕ್ತ.

ಮೊದಲ ವರ್ಷಕ್ಕೆ ಅತಿ ಕಡಿಮೆ ದರ ತೋರಿಸುವ ವಿಸ್ತರಣೆಗಳ ಬಗ್ಗೆ ಎಚ್ಚರವಿರಲಿ. ಹಣ ಪಾವತಿಸುವ ಮುನ್ನ ಎರಡನೆಯ ವರ್ಷದ ನವೀಕರಣ ದರವನ್ನು ಕೇಳಿ ಬರೆದುಕೊಳ್ಳಬೇಕು.

7. ಮಾದರಿ ಗುಂಪಿನ ಆಯ್ಕೆ

ಊಹಿಸಿಕೊಂಡ ಗುಂಪಿನ ಮುಂದೆ ಈಗ ನಾಲ್ಕು ಸಲಹೆಗಳಿವೆ ಎನ್ನೋಣ. ‘ಶ್ರೀ ಲಕ್ಷ್ಮಿ’ ಎಂಬುದಕ್ಕೆ 12 ಬರಹರೂಪಗಳಿರುವುದರಿಂದ ಅದು ಮಾರಾಟದ ವಿಳಾಸಕ್ಕೆ ಒಗ್ಗದು. ‘ಕಲಬುರಗಿ ಬೇಳೆ’ ಎಂಬುದರಲ್ಲಿ ಓದಿನ ಗೊಂದಲವೂ ಇದೆ, ಜಿಐ ಹೆಸರಿನ ಸಾಮೀಪ್ಯವೂ ಇದೆ. ‘ಕಣಜ’ ಚಿಕ್ಕದು, ಅರ್ಥವತ್ತಾದುದು. ಆದರೆ ಆ ಹೆಸರಿನಲ್ಲಿ ಕರ್ನಾಟಕ ಸರ್ಕಾರದ ಅಂತರ್ಜಾಲ ಕನ್ನಡ ಜ್ಞಾನಕೋಶವು ಈಗಾಗಲೇ ಪ್ರಸಿದ್ಧವಾಗಿದೆ. ನಾಲ್ಕನೆಯದು ‘ಹಗೇವು’. ಧಾನ್ಯವನ್ನು ನೆಲದೊಳಗೆ ಕಾಪಿಡುತ್ತಿದ್ದ ಹಗೇವು ಈ ಭಾಗದ ಹಿರಿಯರಿಗೆ ಚಿರಪರಿಚಿತ. ಇಂಗ್ಲಿಷಿನಲ್ಲಿ ಆರೇ ಅಕ್ಷರ. ತೊಗರಿಗೂ ಜೋಳಕ್ಕೂ ಸಲ್ಲುತ್ತದೆ. ಸರಕನ್ನು ನೇರವಾಗಿ ವರ್ಣಿಸದಿರುವುದರಿಂದ ಗುರುತಾಗಿ ನಿಲ್ಲುತ್ತದೆ. ಐವರ ಪರೀಕ್ಷೆ ಮತ್ತು ಮೂರು ಪರಿಶೀಲನೆಗಳಲ್ಲಿ ತೇರ್ಗಡೆಯಾದರೆ ಇಂತಹ ಪದ ಯೋಗ್ಯ. ಪ್ರತಿ ಊರಿನ ಆಡುಮಾತಿನಲ್ಲಿಯೂ ಇಂತಹ ಪದಗಳಿವೆ; ಅವುಗಳನ್ನು ಗುಂಪಿನ ಹಿರಿಯ ಸದಸ್ಯೆಯರಿಂದ ಕೇಳಿ ಪಟ್ಟಿ ಮಾಡಬೇಕು.

8. ನೋಂದಣಿ ಯಾರ ಹೆಸರಿನಲ್ಲಿ

ಹೆಸರನ್ನು ಎಷ್ಟೇ ವಿಚಾರಪೂರ್ವಕವಾಗಿ ಆರಿಸಿದರೂ ಅದರ ನೋಂದಣಿ ಬೇರೆಯವರ ಹೆಸರಿನಲ್ಲಿದ್ದರೆ ಶ್ರಮ ವ್ಯರ್ಥ. ಜಾಲತಾಣ ಮಾಡಿಕೊಡುವ ಯುವಕರೋ ಅಂಗಡಿಯವರೋ ಅನುಕೂಲಕ್ಕೆಂದು ತಮ್ಮದೇ ಖಾತೆಯಲ್ಲಿ, ತಮ್ಮದೇ ಇಮೇಲ್ ಮತ್ತು ಮೊಬೈಲ್ ಸಂಖ್ಯೆಯಲ್ಲಿ ಹೆಸರನ್ನು ನೋಂದಾಯಿಸುವುದುಂಟು. ಅವರಲ್ಲಿ ದುರುದ್ದೇಶ ಇರಬೇಕೆಂದಿಲ್ಲ. ಆದರೆ ಅವರು ಊರು ಬಿಟ್ಟರೆ, ಸಂಖ್ಯೆ ಬದಲಾಯಿಸಿದರೆ, ಅಥವಾ ಹಣದ ವಿಷಯದಲ್ಲಿ ಮನಸ್ತಾಪ ಬಂದರೆ, ದಾಖಲೆಯ ಪ್ರಕಾರ ಹಕ್ಕು ಅವರದೇ. ಪಹಣಿಯಲ್ಲಿ ಹೆಸರಿಲ್ಲದ ಹೊಲಕ್ಕೆ ಬೆವರು ಸುರಿಸಿದಂತಾಗುತ್ತದೆ. ಇದನ್ನು ತಪ್ಪಿಸಲು ಕೆಳಕಂಡ ಕ್ರಮಗಳನ್ನು ಅನುಸರಿಸತಕ್ಕದ್ದು:

ಅ) ನೋಂದಣಿ ನಮೂನೆಯ ಸಂಸ್ಥೆಯ ಹೆಸರಿನ ಅಂಕಣದಲ್ಲಿ ಗುಂಪಿನ ಹೆಸರಿರಬೇಕು. ಗುಂಪಿಗೆ ಪ್ರತ್ಯೇಕ ನೋಂದಣಿಯಿಲ್ಲದಿದ್ದಲ್ಲಿ, ನೋಂದಣಿಯಾಗಿರುವ ಒಕ್ಕೂಟದ ಹೆಸರನ್ನು ಬಳಸಬಹುದು.

ಆ) ಸಂಪರ್ಕದ ಇಮೇಲ್ ಮತ್ತು ಮೊಬೈಲ್ ಸಂಖ್ಯೆ ಗುಂಪಿಗೇ ಮೀಸಲಾದವು ಆಗಿರಬೇಕು. ಆ ಇಮೇಲ್ ಅದೇ ಡೊಮೇನ್ ಹೆಸರಿನದಾಗಿರಬಾರದು. ಹೆಸರಿನ ಅವಧಿ ಮುಗಿದರೆ ಆ ಇಮೇಲ್ ಕೂಡ ನಿಂತುಹೋಗುತ್ತದೆ.

ಇ) ನೋಂದಣಿಯ ನಂತರ ಇಮೇಲ್ ದೃಢೀಕರಿಸುವಂತೆ ಸಂದೇಶ ಬರುತ್ತದೆ. ‘ಡಾಟ್ ಕಾಮ್’ ಮೊದಲಾದವುಗಳಲ್ಲಿ 15 ದಿನಗಳೊಳಗೆ ದೃಢೀಕರಿಸದಿದ್ದರೆ ಹೆಸರನ್ನು ತಡೆಹಿಡಿಯಲಾಗುತ್ತದೆ.

ಈ) ಗುಪ್ತಪದವನ್ನು ಬರೆದು, ಮುಚ್ಚಿದ ಲಕೋಟೆಯಲ್ಲಿ ಇತರ ದಾಖಲೆಗಳೊಂದಿಗೆ ಇರಿಸಬೇಕು. ಪದಾಧಿಕಾರಿಗಳು ಬದಲಾದಾಗ ಗುಪ್ತಪದವನ್ನೂ ಬದಲಾಯಿಸಬೇಕು.

ಉ) ಹಣವನ್ನು ಗುಂಪಿನ ಖಾತೆಯಿಂದಲೇ ಪಾವತಿಸಿ, ಗುಂಪಿನ ಹೆಸರಿನ ರಸೀದಿ ಪಡೆಯಬೇಕು.

9. ನವೀಕರಣ

‘ಡಾಟ್ ಕಾಮ್’ ಮೊದಲಾದ ವಿಸ್ತರಣೆಗಳಲ್ಲಿ ಅವಧಿ ಮುಗಿಯುವ ಸುಮಾರು ಒಂದು ತಿಂಗಳು ಮೊದಲು ಹಾಗೂ ಒಂದು ವಾರ ಮೊದಲು ನೋಂದಣಿ ಸಂಸ್ಥೆಯು ಜ್ಞಾಪನೆ ಕಳುಹಿಸಬೇಕೆಂಬ ನಿಯಮವಿದೆ. ನವೀಕರಿಸದೆ ಹೆಸರು ರದ್ದಾದರೆ, ಮುಂದಿನ 30 ದಿನಗಳಲ್ಲಿ ಹೆಚ್ಚಿನ ಶುಲ್ಕ ತೆತ್ತು ಮರಳಿ ಪಡೆಯಲು ಅವಕಾಶವಿರುತ್ತದೆ. ಅದೂ ಮೀರಿದರೆ ಹೆಸರು ಯಾರಿಗೆ ಬೇಕಾದರೂ ದೊರೆಯುತ್ತದೆ. ಗುಂಪಿನ ಪೊಟ್ಟಣ ನೋಡಿ ಹಣ ಪಾವತಿಸಲು ಬಂದ ಗ್ರಾಹಕರು ಆಗ ಅಪರಿಚಿತರ ತಾಣದಲ್ಲಿ ನಿಂತಿರುತ್ತಾರೆ. ಆದುದರಿಂದ ಸಾಧ್ಯವಾದರೆ ಮೂರು ವರ್ಷಗಳಿಗೆ ಒಟ್ಟಿಗೆ ನೋಂದಾಯಿಸಿ, ಮುಕ್ತಾಯದ ದಿನಾಂಕವನ್ನು ಸಾಲದ ಕಂತಿನ ದಿನಾಂಕದಂತೆಯೇ ನಡಾವಳಿ ಪುಸ್ತಕದಲ್ಲಿ ದಾಖಲಿಸಬೇಕು.

10. ನಡಾವಳಿಯ ಮಾದರಿ

“ದಿನಾಂಕ ........ ರಂದು ನಡೆದ ಸಭೆಯಲ್ಲಿ, ಗುಂಪಿನ ಜಾಲತಾಣಕ್ಕೆ ........ ಎಂಬ ಡೊಮೇನ್ ಹೆಸರನ್ನು ಗುಂಪಿನ/ಒಕ್ಕೂಟದ ಹೆಸರಿನಲ್ಲಿ ........ ವರ್ಷಗಳ ಅವಧಿಗೆ ನೋಂದಾಯಿಸಲು, ಶುಲ್ಕ ರೂ. ........ ನ್ನು ಗುಂಪಿನ ಖಾತೆಯಿಂದ ಪಾವತಿಸಲು, ನವೀಕರಣದ ಹೊಣೆಯನ್ನು ಶ್ರೀಮತಿ ........ ಇವರಿಗೆ ವಹಿಸಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು. ಮುಕ್ತಾಯದ ದಿನಾಂಕ: ........”

11. ಅಭ್ಯಾಸ

(1) ಗುಂಪಿನ ಈಗಿನ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಎಷ್ಟು ರೀತಿಯಲ್ಲಿ ಬರೆಯಬಹುದು? ಎಲ್ಲ ರೂಪಗಳನ್ನು ಪಟ್ಟಿ ಮಾಡಿರಿ.
(2) ಸ್ಥಳೀಯ ಆಡುಮಾತಿನಿಂದ ಮೂರು ಪದಗಳನ್ನು ಆರಿಸಿ, ಐವರ ಪರೀಕ್ಷೆ ನಡೆಸಿ, ಫಲಿತಾಂಶವನ್ನು ಮುಂದಿನ ವಾರದ ಸಭೆಯಲ್ಲಿ ಮಂಡಿಸಿರಿ.
(3) ಈಗಾಗಲೇ ಜಾಲತಾಣ ಹೊಂದಿರುವ ಗುಂಪುಗಳು ನೋಂದಣಿ ಖಾತೆಯನ್ನು ತೆರೆದು, ಧಾರಕರ ಹೆಸರು, ಇಮೇಲ್, ಮೊಬೈಲ್ ಸಂಖ್ಯೆ ಮತ್ತು ಮುಕ್ತಾಯದ ದಿನಾಂಕ ಈ ನಾಲ್ಕನ್ನೂ ಪರಿಶೀಲಿಸಿರಿ. ಯಾವುದೇ ಒಂದು ಗುಂಪಿಗೆ ಸೇರಿರದಿದ್ದಲ್ಲಿ, ಸಂಬಂಧಪಟ್ಟವರು ಸೌಹಾರ್ದದಿಂದಿರುವಾಗಲೇ ವರ್ಗಾವಣೆ ಮಾಡಿಸಿಕೊಳ್ಳಿರಿ.