ಹೊಳೆಗೆ ನಿನ್ನ ಗಡಿಯಾರ ಗೊತ್ತಿಲ್ಲ

ತಮ್ಮಾ, ಮೊನ್ನೆ ಅಂಕೋಲೆಯ ಬಸ್ ನಿಲ್ದಾಣದಲ್ಲಿ ಹಾರ ಹಾಕಿ, ತೆರೆದ ಜೀಪಿನಲ್ಲಿ ಕೂರಿಸಿ ನಿನ್ನನ್ನು ಮನೆಗೆ ಕರೆತಂದರಲ್ಲ, ನೋಡಿ ಕಣ್ಣು ತುಂಬಿತು. 1987ರಲ್ಲಿ ನಾನೂ ನಿನ್ನ ಹಾಗೆ ಮಿಲಿಟರಿ ಬಿಟ್ಟು ಬಂದಾಗ ಹಾರವೂ ಇರಲಿಲ್ಲ, ಜೀಪೂ ಇರಲಿಲ್ಲ. ಕಪ್ಪು ಟ್ರಂಕು ಹೊತ್ತು ದೋಣಿ ದಾಟಿ ಅಂಗಳಕ್ಕೆ ಬಂದವನನ್ನು ನಿನ್ನ ಅಜ್ಜಿ ಕೇಳಿದ್ದು ಒಂದೇ ಮಾತು: ‘ರಜೆ ಎಷ್ಟು ದಿನ?’ ಇನ್ನು ತಿರುಗಿ ಹೋಗುವುದಿಲ್ಲ ಆಯಿ ಅಂದರೆ ನಂಬಲೇ ಇಲ್ಲ. ಹದಿನೇಳು ವರ್ಷ ರಜೆಗೆ ಬಂದು ಹೋದವನು ಊರಿಗೆ ನೆಂಟನೇ. ನೀನೂ ಈಗ ನೆಂಟ, ಆ ಹಾರದ ಹೂವು ಬಾಡುವ ತನಕ.

ದುಡ್ಡಿನ ವಿಷಯ ಮೊದಲು ಹೇಳಿ ಮುಗಿಸುತ್ತೇನೆ. ಗ್ರಾಚ್ಯುಟಿ ಕೈಗೆ ಬಂದಿದೆ ಎನ್ನುವುದು ನಿನಗಿಂತ ಮೊದಲು ಊರಿಗೆ ಗೊತ್ತು. ಒಂದು ವರ್ಷ ಆ ಗಂಟನ್ನು ಬಿಚ್ಚಬೇಡ. ಪೆನ್ಶನ್ನಿನ ಒಂದು ಭಾಗವನ್ನು ಮುಂಗಡವಾಗಿ ಮಾರಿಕೊಂಡಿದ್ದೀಯಲ್ಲ, ಅದು ತಿರುಗಿ ಪೂರ್ತಿಯಾಗುವುದು ಹದಿನೈದು ವರ್ಷಕ್ಕೆ. ಅಷ್ಟರಲ್ಲಿ ನಿನ್ನ ಮಗಳು ಮದುವೆಗೆ ಬಂದಿರುತ್ತಾಳೆ. ನವೆಂಬರ್ ಬಂತೆಂದರೆ ಬದುಕಿದ್ದೇನೆ ಅಂತ ಪ್ರಮಾಣಪತ್ರ ಕೊಡುವುದನ್ನು ಮರೆಯಬೇಡ. ಒಂದು ವರ್ಷ ನಾನು ಮರೆತು, ಕಾಗದದ ಮೇಲೆ ಸತ್ತು, ಮತ್ತೆ ಹುಟ್ಟಲು ಮೂರು ತಿಂಗಳು ಹಿಡಿಯಿತು.

ಈಗ ಗದ್ದೆಯ ವಿಷಯ. ನೀನು ಬಂದ ಮೂರನೇ ದಿನವೇ ಹೊಳೆಯಂಚಿನ ಗಜನಿ ಗದ್ದೆಯ ಕಟ್ಟೆ ಮೇಲೆ ನಿಂತು ಹುಡುಗರಿಗೆ ಕೈಸನ್ನೆ ಮಾಡುತ್ತಿದ್ದೆ ಅಂತ ಕೇಳಿದೆ. ಅದಕ್ಕೇ ನನ್ನ ಹಳೆಯ ಪೆದ್ದುತನ ಒಂದನ್ನು ಹೇಳಬೇಕಾಗಿದೆ.

ನಾನು ಬಂದ ವರ್ಷ ನಮ್ಮ ಗಜನಿ ಪೂರ್ತಿ ಕಗ್ಗ ಭತ್ತ. ಉಪ್ಪು ನೀರಿಗೂ ನೆರೆಗೂ ಜಗ್ಗದ ಬೆಳೆ ಅಂತ ನಿನಗೆ ಗೊತ್ತಿದೆ. ಗೊಬ್ಬರ ಬೇಡ, ಔಷಧಿ ಬೇಡ. ಕೊಯ್ಲಿಗೆ ತೆನೆ ಮಾತ್ರ ಕೊಯ್ದು ತಂದರಾಯಿತು, ನೀರಲ್ಲೇ ಉಳಿದ ಹುಲ್ಲು ಕೊಳೆತು ಸಿಗಡಿಗೆ ಆಹಾರ. ಆದರೆ ಮೊಳಕೆ ಎಳೆಯದಾಗಿದ್ದಾಗ ಅದೂ ಕೂಸೇ. ಮಳೆನೀರು ಗದ್ದೆಯ ಉಪ್ಪನ್ನು ತೊಳೆದು ಹೊಳೆಗೆ ಒಯ್ಯಬೇಕು, ಹೊಳೆಯ ಉಪ್ಪು ಒಳಗೆ ಬರಬಾರದು. ಅದಕ್ಕೆ ಕಟ್ಟೆಯಲ್ಲಿ ಹಲಗೆಯ ಬಾಗಿಲು, ಜಂತ್ರಡಿ. ಇಳಿತದಲ್ಲಿ ಹಲಗೆ ತೆಗೆಯಬೇಕು, ಭರತ ಏರುವ ಮೊದಲು ಹಾಕಬೇಕು. ಆ ಕೆಲಸಕ್ಕೆ ಒಬ್ಬ ಹಾಲಕ್ಕಿ ಅಜ್ಜ ಇದ್ದ. ಅವನಿಗೆ ಹೊತ್ತಿಲ್ಲ ಗೊತ್ತಿಲ್ಲ. ಒಂದು ದಿನ ಬೆಳಗಿನ ಜಾವ ಬರುವನು, ಇನ್ನೊಂದು ದಿನ ಮಧ್ಯಾಹ್ನ. ನನಗೆ ತಡೆಯಲಿಲ್ಲ. ಹವಾಲ್ದಾರ ನೋಡು! ರಟ್ಟಿನ ಮೇಲೆ ಪಾಳಿಪಟ್ಟಿ ಬರೆದು ಅಂಗಡಿಯ ಗೋಡೆಗೆ ಅಂಟಿಸಿದೆ. ದಿನಕ್ಕಿಬ್ಬರು ಹುಡುಗರು; ಬೆಳಿಗ್ಗೆ ಆರಕ್ಕೆ ತೆಗೆಯುವುದು, ಹನ್ನೆರಡಕ್ಕೆ ಹಾಕುವುದು. ಅಜ್ಜ ಪಟ್ಟಿಯನ್ನು ನೋಡಿದ. ಓದು ಬರುತ್ತಿರಲಿಲ್ಲ, ಏನು ಬರೆದಿದೆ ಎಂದು ಕೇಳಿ ತಿಳಿದ. ‘ಹೊಳೆಗೂ ಓದಿ ಹೇಳಿದ್ಯಾ?’ ಅಂದು ಕವಳ ಉಗಿದು ಹೋದ.

ಪಟ್ಟಿ ಶುರುವಾದದ್ದು ಅಷ್ಟಮಿಯ ದಿನ. ಅವತ್ತು ಬೆಳಿಗ್ಗೆ ಆರರಿಂದ ಮಧ್ಯಾಹ್ನದವರೆಗೆ ನೀರು ಇಳಿಯುತ್ತಲೇ ಇತ್ತು, ಪಟ್ಟಿ ಸರಿಯಾಯಿತು. ಆದರೆ ಭರತ ದಿನಕ್ಕೆ ಸುಮಾರು 50 ನಿಮಿಷ ಹಿಂದೆ ಬೀಳುತ್ತದೆ. ವಾರ ಕಳೆದರೆ ಎಲ್ಲ ತಲೆಕೆಳಗು. ಹುಣ್ಣಿಮೆಯ ದಿನ ನಮ್ಮ ಕಡಲಲ್ಲಿ ನಡುಹಗಲ ಹೊತ್ತಿಗೆ ತುಂಬು ಭರತ, ಅದೂ ದೊಡ್ಡ ಭರತ. ಮಳೆ ಬೇರೆ ಎರಡು ದಿನದಿಂದ ಬಿಡುವು ಕೊಟ್ಟಿತ್ತು. ನಾನು ಪೆನ್ಶನ್ ಕಾಗದಕ್ಕೆ ಕಾರವಾರಕ್ಕೆ ಹೋಗಿದ್ದೆ. ಸಂಜೆ ಬಂದು ನೋಡಿದರೆ ಗಜನಿ ಸಮುದ್ರ. ಆ ಹುಡುಗರು ನನ್ನ ಆಜ್ಞೆಯನ್ನು ಚಾಚೂ ತಪ್ಪದೆ ಪಾಲಿಸಿದ್ದರು ಕಣೋ, ಸರಿಯಾಗಿ ಆರಕ್ಕೆ ತೆಗೆದು ಹನ್ನೆರಡಕ್ಕೆ ಹಾಕಿದ್ದರು. ಉಪ್ಪುನೀರು ಪೂರ್ತಿ ಒಳಗೆ ಬಂದ ಮೇಲೆ.

ಮೊಳಕೆ ಕರಗಿತು. ಎಲ್ಲರದ್ದೂ. ಯಾರೂ ಬೈಯಲಿಲ್ಲ, ಅದೇ ತಾಳಲಾಗಲಿಲ್ಲ. ಮನೆಮನೆಗೆ ಹೋಗಿ ಎರಡನೇ ಬಿತ್ತನೆಗೆ ಬೀಜದ ಭತ್ತ ಕೊಟ್ಟೆ, ನನ್ನ ಗಂಟು ಹಗುರಾದದ್ದು ಹಾಗೆ. ಆಮೇಲೆ ಎರಡು ಮಳೆಗಾಲ ಆ ಅಜ್ಜನ ಹಿಂದೆ ಹಲಗೆ ಹೊತ್ತೆ. ಚಂದ್ರನನ್ನು ನೋಡುವುದು, ಏಡಿಯ ಬಿಲ ನೋಡುವುದು, ನೀರು ಮುಟ್ಟಿ ನಾಲಿಗೆಗೆ ಹಚ್ಚುವುದು ಕಲಿತದ್ದು ಆಗ. ಮಿಲಿಟರಿಯಲ್ಲಿ ನೀನು ರಂಗ್ರೂಟಾಗಿ ಒಂಬತ್ತು ತಿಂಗಳು ಕಳೆದಿರಬಹುದು. ಇಲ್ಲಿ ಎರಡು ವರ್ಷ ಅಂತ ಇಟ್ಟುಕೋ.

ಇನ್ನೊಂದು. ಚಹದಂಗಡಿಯಲ್ಲಿ ‘ದೇಶಕ್ಕೆ ಹದಿನೇಳು ವರ್ಷ ಕೊಟ್ಟಿದ್ದೇನೆ’ ಎಂಬ ಮಾತು ಬಾಯಿಗೆ ಬಂದರೆ ನುಂಗಿಕೋ. ಪಕ್ಕದ ಬೆಂಚಿನವನು ನೆಲವನ್ನೇ ಕೊಟ್ಟಿರಬಹುದು. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿತ್ತು, 2005ರಲ್ಲಿ ಐಎನ್‌ಎಸ್ ಕದಂಬ ಶುರುವಾಯಿತು. ಆ ನಡುವೆ ಕಾರವಾರ–ಅಂಕೋಲೆ ನಡುವಿನ ಹದಿಮೂರು ಹಳ್ಳಿಗಳ ನಾಲ್ಕು ಸಾವಿರಕ್ಕೂ ಹೆಚ್ಚು ಸಂಸಾರಗಳು ಎದ್ದವು. ತೆಂಗು, ದೇವಸ್ಥಾನ, ಬಲೆ ಒಣಗಿಸುವ ಮರಳು, ಎಲ್ಲ ಬಿಟ್ಟು. ಅವರಿಗೆ ಯಾರೂ ತೆರೆದ ಜೀಪು ತರಲಿಲ್ಲ. ಪೆನ್ಶನ್ನೂ ಇಲ್ಲ. ಪರಿಹಾರದ ಫೈಲು ಹಿಡಿದು ವರ್ಷಗಟ್ಟಲೆ ಅಲೆದವರು ನಮ್ಮ ನೆಂಟರಲ್ಲೇ ಇದ್ದಾರೆ. ನಿನಗೆ ಅರ್ಜಿ ಬರೆಯಲು ಬರುತ್ತದೆ, ಸಾಹೇಬರ ಮುಂದೆ ತಡವರಿಸದೆ ಮಾತಾಡಲು ಬರುತ್ತದೆ. ಆ ಫೈಲಿನ ಜೊತೆ ಒಂದು ದಿನ ಕಾರವಾರಕ್ಕೆ ಹೋಗಿ ಬಾ.

ಕಾರವಾರದ ಟಾಗೋರ್ ಕಡಲತೀರದಲ್ಲಿ ಮೇಜರ್ ರಾಮಾ ರಾಘೋಬಾ ರಾಣೆಯವರ ಪುತ್ಥಳಿಗೆ ನೀನು ಸೆಲ್ಯೂಟ್ ಹೊಡೆದ ಫೋಟೊ ನೋಡಿದೆ. ಚೆಂಡಿಯಾ ಮೂಲದವರು, ನಮ್ಮವರು. ಪರಮವೀರ ಚಕ್ರ ಪಡೆದು ಬದುಕಿ ಉಳಿದವರಲ್ಲಿ ಮೊದಲಿಗರು. ಆದರೆ ಅವರು ಮಾಡಿದ ಕೆಲಸ ಏನೆಂದು ನಮ್ಮೂರ ಹುಡುಗರನ್ನು ಕೇಳಿ ನೋಡು, ‘ಶತ್ರುಗಳನ್ನು ಹೊಡೆದರು’ ಎನ್ನುತ್ತಾರೆ. ಅವರು ದಾರಿ ಬಿಡಿಸಿದರು ತಮ್ಮಾ. 1948ರ ಏಪ್ರಿಲ್ 8, ನೌಶೇರಾದಿಂದ ರಜೌರಿಗೆ ಹೋಗುವ ಬೆಟ್ಟದ ದಾರಿ. ದಾರಿತುಂಬ ಮೈನು, ಕಡಿದು ಕೆಡವಿದ ಮರ. ಕೆಲಸ ಶುರುವಾಗುವ ಹೊತ್ತಿಗೇ ಮೋರ್ಟಾರ್ ಬಿದ್ದು ಇಬ್ಬರು ಸತ್ತರು, ಗಾಯಗೊಂಡ ಐವರಲ್ಲಿ ರಾಣೆಯವರೂ ಒಬ್ಬರು. ಆದರೂ ಟ್ಯಾಂಕಿನ ಅಡಿಯಲ್ಲಿ ತೆವಳುತ್ತ, ಹಗ್ಗ ಜಗ್ಗಿ ಚಾಲಕನಿಗೆ ನಿಲ್ಲು–ನಡೆ ಅನ್ನುತ್ತ, ಗೇಣುಗೇಣಾಗಿ ಮೂರು ದಿನ ದಾರಿ ಮಾಡಿದರು. ಹಿಂದೆ ಟ್ಯಾಂಕುಗಳು ಹೋದವು. ನನಗೆ ಆ ಹಗ್ಗದ ನೆನಪು ಆಗಾಗ ಬರುತ್ತದೆ, ಶಿರೂರಿನಲ್ಲಂತೂ ಬಂತು.

2024ರ ಜುಲೈ 16ರ ಬೆಳಿಗ್ಗೆ ಅಲ್ಲಿನ ಗುಡ್ಡ ಹೆದ್ದಾರಿಯ ಮೇಲೆ ಜಾರಿ ಗಂಗಾವಳಿ ಹೊಳೆಗೆ ಬಿದ್ದಾಗ ನೀನು ಲಡಾಖಿನಲ್ಲಿದ್ದೆ. ಅಂಗಡಿ, ಲಾರಿ, ಜನ, ಎಲ್ಲ ಮಣ್ಣಿನಡಿ. ಎದ್ದ ನೀರು ಆಚೆ ದಂಡೆಯ ಉಳುವರೆಯ ಮನೆಗಳನ್ನೂ ಎಳೆದೊಯ್ಯಿತು. ನೌಕಾಪಡೆ ಬಂತು, ಸೇನೆ ಬಂತು, ಮಲ್ಪೆಯಿಂದ ಮುಳುಗುಗಾರರು ಬಂದರು, ಕೇರಳದ ಕ್ಯಾಮೆರಾಗಳು ಬಂದವು. ಕಾಣೆಯಾದ ಒಂದು ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ನಮ್ಮ ಕಡೆಯ ಹುಡುಗರೂ ಬೈಕಿನಲ್ಲಿ ಓಡಿದರು. ನೋಡಲಿಕ್ಕೆ. ಆಂಬುಲೆನ್ಸಿಗೆ ದಾರಿ ಇಲ್ಲ! ನಾನೋ ಎಪ್ಪತ್ತು ದಾಟಿದವನು, ಮಣ್ಣು ಅಗೆಯಲಾರೆ, ಮುಳುಗಲಾರೆ. ಕಾಳಜಿ ಕೇಂದ್ರದಲ್ಲಿ ಒಂದು ನೋಟ್‌ಬುಕ್ ಹಿಡಿದು ಕೂತೆ. ಯಾರ ಮನೆಯಲ್ಲಿ ಎಷ್ಟು ಮಂದಿ, ಯಾರಿಗೆ ಬಿಪಿ ಗುಳಿಗೆ, ಯಾರ ಪಾಸ್‌ಬುಕ್ಕು ನೀರುಪಾಲು. ಒಬ್ಬಳು ಮುದುಕಿಗೆ ಬೇಕಾದದ್ದು ಕನ್ನಡಕ ಒಂದೇ. ಮೂರು ದಿನ ಅಕ್ಕಿ ಮೂಟೆ ಕೊಟ್ಟವರು ಅದನ್ನು ಕೇಳಿರಲಿಲ್ಲ.

ನಿನಗೆ ಮೈಯಲ್ಲಿ ಬಲವಿದೆ, ನೀನು ಅಗೆಯಲು ಹೋಗು. ಆದರೆ ಮಳೆಗಾಲಕ್ಕೆ ಮೊದಲೇ ಯಾವ ದೋಣಿ ಸೋರುತ್ತದೆ, ಯಾರ ಮನೆಯ ಹಿಂದಿನ ಧರೆ ಬಿರಿದಿದೆ, ರಾತ್ರಿ ಕೂಗಿದರೆ ಯಾರಿಗೆ ಕಿವಿ ಕೇಳುವುದಿಲ್ಲ, ತಿಳಿದುಕೊಂಡಿರು. ಜಾರಿದ ಮೇಲೆ ಪಟ್ಟಿ ಮಾಡಿದವನ ಅನುಭವ ಇದು.

ಇನ್ನು, ಮಿಲಿಟರಿ ಕ್ಯಾಂಟೀನ್ ಬಾಟಲಿಗೆ ನೆರೆಯವರು ಬಂದೇ ಬರುತ್ತಾರೆ. ಒಂದು ಸಲ ಕೊಟ್ಟರೆ ನಿನ್ನ ಮನೆಯೇ ಅಂಗಡಿ. ಸಾರಾಯಿ ಬಿಡಿಸಲು ಸುಕ್ರಜ್ಜಿ ಹೋರಾಡಿದ ತಾಲೂಕು ಇದು, ಆ ಹಾಡುವ ಅಜ್ಜಿಗೆ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಪಟ್ಟವರು. ಅಷ್ಟಾದರೂ ಮರ್ಯಾದೆ ಇಡೋಣ. ಕೇಳಿದವರಿಗೆ ಒಂದು ಕರಿ ಇಶಾಡ ಮಾವಿನ ಕಸಿ ಸಸಿ ಕೊಡು. ಮೊದಲ ಸಲ ಬೈದುಕೊಳ್ಳುತ್ತಾರೆ.

ನಾಳಿದ್ದು ಅಮಾವಾಸ್ಯೆ. ಬೆಳಿಗ್ಗೆ ಇಳಿತ ಇರುವಾಗಲೇ ಜಂತ್ರಡಿ ಹತ್ತಿರ ಬಾ. ಕೆಳಗಿನ ಹಲಗೆ ಒಂದು ಸೀಳಿದೆ, ಇಬ್ಬರು ಹಿಡಿದು ಎತ್ತಬೇಕು, ನನಗೊಬ್ಬನಿಗೆ ಆಗುವುದಿಲ್ಲ. ಬೂಟು ಹಾಕಿಕೊಂಡು ಬರಬೇಡ, ಕೆಸರು ಎಳೆಯುತ್ತದೆ.