ಒಂದೇ ಹೆಸರಿನ ಮಾತ್ರೆ: ಮೆಟ್‌ಫಾರ್ಮಿನ್ ಕುರಿತು ಗೃಹಸ್ಥನೊಬ್ಬನ ಟಿಪ್ಪಣಿ

ನಾನು ವೈದ್ಯನಲ್ಲ, ವಾಣಿಜ್ಯಶಾಸ್ತ್ರವನ್ನು ಓದಿ ಬ್ಯಾಂಕಿನಲ್ಲಿ ಅಧಿಕಾರಿಯಾಗಿರುವವನು, ಐದು ವರ್ಷಗಳಿಂದ ಮಧುಮೇಹಕ್ಕೆ ಮಾತ್ರೆ ನುಂಗುತ್ತಿರುವವನು. ಆದರೂ ಈ ವಿಷಯವನ್ನು ಎತ್ತಿಕೊಳ್ಳಲು ಮೆಹದಿಪಟ್ಟಣಂನ ನಮ್ಮ ಮನೆಯಲ್ಲಿಯೇ ನಡೆದ ಒಂದು ಪ್ರಸಂಗವು ಕಾರಣವಾಯಿತು.

ಕಾಲೇಜಿನಲ್ಲಿ ಓದುತ್ತಿರುವ ನಮ್ಮ ಮಗಳಿಗೆ ಮುಟ್ಟು ಕ್ರಮ ತಪ್ಪಿತ್ತು, ತೂಕವೂ ಏರತೊಡಗಿತ್ತು. ಪರೀಕ್ಷಿಸಿದ ವೈದ್ಯೆಯು ಇದು ಪಿ.ಸಿ.ಓ.ಎಸ್. ಎಂದು ತಿಳಿಸಿ, ಆಹಾರ ಮತ್ತು ವ್ಯಾಯಾಮದ ನಿಯಮಗಳೊಡನೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ಬರೆದುಕೊಟ್ಟರು. ಚೀಟಿಯನ್ನು ನೋಡಿ ನನ್ನ ಪತ್ನಿ ಕಣ್ಣೀರಿಟ್ಟಳು: “ಇದು ನಿಮ್ಮ ಸಕ್ಕರೆ ಕಾಯಿಲೆಯ ಮಾತ್ರೆ ಅಲ್ವೇನ್ರೀ? ಮಗೂಗೂ ಬಂತಾ?”

ಬಂದಿರಲಿಲ್ಲ. ಈ ಭಯವು ಅನೇಕ ಮನೆಗಳಲ್ಲಿದೆಯಾದ್ದರಿಂದ ಕಾರಣವನ್ನು ವಿವರಿಸುತ್ತೇನೆ.

ರಕ್ತದಲ್ಲಿರುವ ಸಕ್ಕರೆಯನ್ನು ಜೀವಕೋಶಗಳಿಗೆ ಸೇರಿಸುವುದು ಇನ್ಸುಲಿನ್ನಿನ ಕೆಲಸ. ಜೀವಕೋಶಗಳು ಅದರ ಕರೆಗೆ ಸರಿಯಾಗಿ ಓಗೊಡದಿದ್ದಾಗ ಮೇದೋಜೀರಕ ಗ್ರಂಥಿಯು ಇನ್ನೂ ಹೆಚ್ಚು ಇನ್ಸುಲಿನ್ನನ್ನು ಸ್ರವಿಸುತ್ತದೆ. ಪಿ.ಸಿ.ಓ.ಎಸ್. ಇರುವ ಅನೇಕ ಸ್ತ್ರೀಯರಲ್ಲಿ ಈ ಹೆಚ್ಚುವರಿ ಇನ್ಸುಲಿನ್ ಅಂಡಾಶಯವನ್ನು ಕೆರಳಿಸಿ ಪುರುಷ ಹಾರ್ಮೋನುಗಳನ್ನು ಹೆಚ್ಚಿಸುತ್ತದೆ. ಆಗ ಅಂಡೋತ್ಪತ್ತಿ ಕ್ರಮ ತಪ್ಪುತ್ತದೆ. ಮೊಡವೆ ಮತ್ತು ಮುಖದ ಮೇಲಿನ ರೋಮ ಕಾಣಿಸಿಕೊಳ್ಳುತ್ತವೆ. ಮೆಟ್‌ಫಾರ್ಮಿನ್ ಯಕೃತ್ತು ಹೊರಬಿಡುವ ಸಕ್ಕರೆಯನ್ನು ತಗ್ಗಿಸಿ, ಇನ್ಸುಲಿನ್ನಿನ ಕೆಲಸವನ್ನು ಸುಗಮಗೊಳಿಸುತ್ತದೆ. ಅಂದಮೇಲೆ ಎರಡು ವ್ಯಾಧಿಗಳಿಗೂ ಒಂದೇ ಔಷಧಿ ಬಳಕೆಯಾಗುವುದರಲ್ಲಿ ಆಶ್ಚರ್ಯವಿಲ್ಲ.

ಈ ಔಷಧಿಯ ಮೂಲ ಯೂರೋಪಿನ ಗಲೇಗಾ ಎಂಬ ಗಿಡದಲ್ಲಿದೆ. ಫ್ರೆಂಚ್ ವೈದ್ಯ ಝಾನ್ ಸ್ಟೆರ್ನ್ 1957ರಲ್ಲಿ ಇದನ್ನು ಮಧುಮೇಹಿಗಳಿಗೆ ಕೊಟ್ಟು ಫಲಿತಾಂಶವನ್ನು ಪ್ರಕಟಿಸಿದರು. ಅಮೆರಿಕದಲ್ಲಿ ಇದಕ್ಕೆ ಅನುಮತಿ ದೊರೆತದ್ದು 1994ರಲ್ಲಿ. ಅದೇ ವರ್ಷ ವೆನೆಜುವೆಲಾದ ಸಂಶೋಧಕರು ಪಿ.ಸಿ.ಓ.ಎಸ್.ನಲ್ಲಿ ಇದರ ಉಪಯೋಗವನ್ನು ವರದಿ ಮಾಡಿದರು.

ಹಾಗಾದರೆ ಇದು ತೂಕ ಇಳಿಸುವ ಮಾತ್ರೆಯೇ? ಹಾಗೆ ಭಾವಿಸುವುದು ತಪ್ಪು. 2002ರಲ್ಲಿ ಪ್ರಕಟವಾದ ಅಮೆರಿಕದ ಮಧುಮೇಹ ತಡೆ ಅಧ್ಯಯನದಲ್ಲಿ ಮೆಟ್‌ಫಾರ್ಮಿನ್ ಸೇವಿಸಿದವರ ತೂಕ ಸರಾಸರಿ ಸುಮಾರು 2 ಕಿಲೋ ಇಳಿಯಿತು. ಆಹಾರ-ವ್ಯಾಯಾಮಗಳನ್ನು ಪಾಲಿಸಿದವರದು 5 ಕಿಲೋಗೂ ಹೆಚ್ಚು. ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಧುಮೇಹದ ಹೊಸ್ತಿಲಲ್ಲಿದ್ದ 531 ಮಂದಿ ಭಾರತೀಯರಿದ್ದರು. ಮೂರು ವರ್ಷಗಳಲ್ಲಿ ಸಾಮಾನ್ಯ ಸಲಹೆಯನ್ನಷ್ಟೇ ಪಡೆದವರಲ್ಲಿ ಶೇಕಡ 55 ಮಂದಿಗೆ ಮಧುಮೇಹ ಬಂದಿತು. ಜೀವನಕ್ರಮವನ್ನು ತಿದ್ದಿಕೊಂಡವರಲ್ಲಿ ಶೇಕಡ 39.3, ಮಾತ್ರೆ ನುಂಗಿದವರಲ್ಲಿ ಶೇಕಡ 40.5. ಎರಡನ್ನೂ ಕೂಡಿಸಿದಾಗ ಹೆಚ್ಚಿನ ಲಾಭ ಕಾಣಲಿಲ್ಲ. ಲೆಕ್ಕ ಬಲ್ಲವರಿಗೆ ಇದರ ಅರ್ಥ ಸ್ಪಷ್ಟ: ರೈತು ಬಜಾರಿಗೆ ನಡೆದುಹೋಗಿ ಸೊಪ್ಪು ತರುವ ಅಭ್ಯಾಸವೂ ಔಷಧಿಯೇ.

ಈಗ ನನ್ನ ತಪ್ಪನ್ನು ಹೇಳಬೇಕು. ಒಂದು ಭಾನುವಾರ ಮಗಳ ಮಾತ್ರೆ ಮುಗಿದಿತ್ತು. “ಹೆಸರು ಒಂದೇ ತಾನೇ, ತಗೋಮ್ಮ” ಎಂದು ನನ್ನ ಸ್ಟ್ರಿಪ್ಪಿನಿಂದ ಒಂದನ್ನು ಕೊಟ್ಟೆ. ನನ್ನದು ಮೆಟ್‌ಫಾರ್ಮಿನ್ನಿನೊಡನೆ ಗ್ಲಿಮಿಪಿರೈಡ್ ಬೆರೆತ ಜೋಡಿ ಮಾತ್ರೆ; ಸಣ್ಣ ಅಕ್ಷರಗಳನ್ನು ನಾನು ಓದಿರಲಿಲ್ಲ. ಮೆಟ್‌ಫಾರ್ಮಿನ್ ಒಂದೇ ಆದರೆ ಸಾಮಾನ್ಯವಾಗಿ ಸಕ್ಕರೆಯನ್ನು ಅಪಾಯಕರವಾಗಿ ಇಳಿಸದು, ಗ್ಲಿಮಿಪಿರೈಡ್ ಇಳಿಸಬಲ್ಲದು. ಅರೆಹೊಟ್ಟೆಯಲ್ಲಿದ್ದ ಮಗಳು ಬೆವತು, ನಡುಗಿ, ಮಾತು ತಡವರಿಸಿದಳು. ಸಕ್ಕರೆ ನೀರು ಕುಡಿಸಿ ಆಸ್ಪತ್ರೆಗೆ ಕರೆದೊಯ್ದೆವು. ಸಕ್ಕರೆ ಮತ್ತೆ ಇಳಿಯಬಹುದೆಂದು ರಾತ್ರಿಯಿಡೀ ಕಾದರು. ಬೆಳಿಗ್ಗೆ ನಗುತ್ತ ಎದ್ದಳು; ನಾನು ಮಾತ್ರ ಆ ರಾತ್ರಿಯನ್ನು ಮರೆತಿಲ್ಲ.

ಓದುಗರು ನೆನಪಿನಲ್ಲಿಡಬೇಕಾದ ಅಂಶಗಳು:

1. ಮಾತ್ರೆಯನ್ನು ಊಟದೊಡನೆ ಸೇವಿಸಬೇಕು. ಆರಂಭದಲ್ಲಿ ವಾಕರಿಕೆ, ಭೇದಿ ಸಾಮಾನ್ಯ. ಆದ್ದರಿಂದಲೇ ವೈದ್ಯರು ಅಲ್ಪ ಪ್ರಮಾಣದಿಂದ ತೊಡಗುತ್ತಾರೆ.

2. ಮೂತ್ರಪಿಂಡದ ಪರೀಕ್ಷೆ ಅವಶ್ಯಕ. ತೀವ್ರ ವಾಂತಿಭೇದಿಯಾದಾಗ ಅಥವಾ ಸ್ಕ್ಯಾನ್‌ಗಾಗಿ ರಕ್ತನಾಳಕ್ಕೆ ಬಣ್ಣದ ಔಷಧಿ ಚುಚ್ಚುವ ಮುನ್ನ ವೈದ್ಯರಿಗೆ ತಿಳಿಸಬೇಕು.

3. ದೀರ್ಘಕಾಲದ ಸೇವನೆಯಿಂದ ಬಿ-12 ಜೀವಸತ್ವ ಕುಗ್ಗಬಹುದು; ಸಸ್ಯಾಹಾರಿಗಳು ವಿಶೇಷವಾಗಿ ಗಮನಿಸಬೇಕು.

4. ಅಂಡೋತ್ಪತ್ತಿ ಮರಳಿ ಗರ್ಭ ನಿಲ್ಲಬಹುದು. ವಿವಾಹಿತೆಯರು ಮುಂಚಿತವಾಗಿ ವೈದ್ಯರೊಡನೆ ಮಾತನಾಡುವುದು ಲೇಸು.

ಅಡ್ಡಗೆರೆ ಎಳೆದು ‘ಅಕೌಂಟ್ ಪೇಯೀ’ ಎಂದು ಬರೆದ ಚೆಕ್ಕು ಅದರಲ್ಲಿರುವ ಹೆಸರಿನವರ ಖಾತೆಗೇ ಸಲ್ಲಬೇಕು. ತಂದೆಯದು ಮಗಳಿಗೆ ನಡೆಯದು. ವೈದ್ಯರ ಚೀಟಿಯೂ ಅಂತಹುದೇ ಎಂಬುದನ್ನು ನಿತ್ಯ ಚೆಕ್ಕು ನೋಡುವ ನಾನು ತಡವಾಗಿ ಕಲಿತೆ.