ನರರೋಗ ವಿಜ್ಞಾನದ ಆಚಾರ್ಯ ಶಾರ್ಕೋ
(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನಿಂದ)

ದೇಹವೆಂಬ ರಾಜ್ಯಕ್ಕೆ ಮಿದುಳೇ ಅರಸು. ನರಗಳು ಅವನ ಓಲೆಕಾರರು. ಅರಸನ ಅಪ್ಪಣೆ ದಾರಿಯಲ್ಲಿಯೇ ತಡೆದುಹೋದರೆ ರಾಜ್ಯದ ಗತಿಯೇನು? ಲೋಟವನ್ನು ಹಿಡಿಯಹೋದ ಕೈ ನಡುಗುತ್ತದೆ, ಕಾಲು ತಡವರಿಸುತ್ತದೆ, ದೃಷ್ಟಿ ಮಂಜಾಗುತ್ತದೆ. ಮಲ್ಟಿಪಲ್ ಸ್ಕ್ಲಿರೋಸಿಸ್ ಎಂಬ ರೋಗದಲ್ಲಿ ಆಗುವುದು ಇದೇ. ನರತಂತುಗಳನ್ನು ಸುತ್ತಿರುವ ಮಯೆಲಿನ್ ಎಂಬ ಹೊದಿಕೆಯು ಮಿದುಳು ಮತ್ತು ಬೆನ್ನುಹುರಿಗಳಲ್ಲಿ ಅಲ್ಲಲ್ಲಿ ನಾಶವಾಗಿ, ಆ ಸ್ಥಳಗಳು ಗಡುಸಾಗಿ ಕಲೆಗಟ್ಟುತ್ತವೆ. ಈ ರೋಗದ ಸ್ವರೂಪವನ್ನು ಜಗತ್ತಿಗೆ ಸ್ಪಷ್ಟವಾಗಿ ತಿಳಿಸಿದವನು ಫ್ರಾನ್ಸಿನ ವೈದ್ಯ ಝಾನ್ ಮಾರ್ತಾಂ ಶಾರ್ಕೋ.

ಶಾರ್ಕೋ 1825ರ ನವೆಂಬರ್ 29ರಂದು ಪ್ಯಾರಿಸಿನಲ್ಲಿ ಹುಟ್ಟಿದನು. ತಂದೆ ಸಾರೋಟುಗಳನ್ನು ತಯಾರಿಸುವ ಕಸುಬಿನವನು. ವೈದ್ಯವಿದ್ಯೆಯನ್ನು ಮುಗಿಸಿದ ಮೇಲೆ 1862ರಲ್ಲಿ ಶಾರ್ಕೋ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ಹಿರಿಯ ವೈದ್ಯನಾಗಿ ನೇಮಕಗೊಂಡನು. ಒಂದು ಕಾಲದಲ್ಲಿ ಮದ್ದಿನಪುಡಿಯ ಕಾರ್ಖಾನೆಯಾಗಿದ್ದ ಆ ಸ್ಥಳ ಹದಿನೇಳನೆಯ ಶತಮಾನದಲ್ಲಿಯೇ ಬಡ ಹೆಂಗಸರ ಆಶ್ರಯಸ್ಥಾನವಾಗಿತ್ತು. ಶಾರ್ಕೋವಿನ ಕಾಲಕ್ಕೆ ಸುಮಾರು 5,000 ಮಂದಿ ಅಲ್ಲಿದ್ದರು. ಮುದುಕಿಯರು, ಪಾರ್ಶ್ವವಾಯು ಪೀಡಿತರು, ಮೂರ್ಛೆರೋಗದವರು, ನಡುಕದವರು ಎಲ್ಲರೂ ಒಂದೆಡೆ. ಇತರರಿಗೆ ಗುಣವಾಗದ ರೋಗಿಗಳ ಗುಂಪಾಗಿ ಕಂಡದ್ದು ಶಾರ್ಕೋವಿಗೆ ಓದದೆ ಉಳಿದ ಗ್ರಂಥಭಂಡಾರವಾಗಿ ಕಂಡಿತು. ಗೆಳೆಯ ವ್ಯುಲ್ಪಿಯಾನನೊಡನೆ ಅವನು ರೋಗಿಗಳನ್ನು ಪರೀಕ್ಷಿಸಿ ವಿವರಗಳನ್ನು ಬರೆದಿಟ್ಟನು.

ಈ ರೋಗದ ಕಲೆಗಳನ್ನು ಮೊದಲು ಕಂಡವನು ಶಾರ್ಕೋ ಅಲ್ಲ. 1838ರಷ್ಟು ಹಿಂದೆಯೇ ಬ್ರಿಟನ್ನಿನ ಕಾರ್ಸ್‌ವೆಲ್ ಅವುಗಳ ಚಿತ್ರ ಬರೆದಿದ್ದನು. ಪ್ಯಾರಿಸಿನ ಕ್ರುವೇಯಿಯೇ ಕೂಡ ಬರೆದಿದ್ದನು. ಆದರೆ ರೋಗಿ ಬದುಕಿರುವಾಗಲೇ ರೋಗವನ್ನು ಗುರುತಿಸುವ ಬಗೆ ಇನ್ನೂ ನೆಲೆಗೊಂಡಿರಲಿಲ್ಲ. ಶಾರ್ಕೋವಿನ ಮಾರ್ಗವು ಸರಳ, ಆದರೆ ಕಠಿಣ. ರೋಗಿಯನ್ನು ವರ್ಷಾನುಗಟ್ಟಲೆ ನೋಡುವುದು; ಅವಳು ತೀರಿಕೊಂಡ ಮೇಲೆ ಮಿದುಳು, ಬೆನ್ನುಹುರಿಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವುದು; ಎರಡನ್ನೂ ತಾಳೆನೋಡುವುದು.

ಇದಕ್ಕೆ ಒಂದು ನಿದರ್ಶನವನ್ನು ಅವನ ಶಿಷ್ಯ ಸಿಗ್ಮಂಡ್ ಫ್ರಾಯ್ಡ್ 1893ರ ಶ್ರದ್ಧಾಂಜಲಿ ಲೇಖನದಲ್ಲಿ ಹೇಳಿದ್ದಾನೆ. ಕೈನಡುಕದ ದೆಸೆಯಿಂದ ಎಲ್ಲಿಯೂ ಕೆಲಸ ದೊರೆಯದ ಒಬ್ಬ ಹೆಂಗಸನ್ನು ಶಾರ್ಕೋ ಮನೆಗೆಲಸಕ್ಕೆ ಇಟ್ಟುಕೊಂಡನಂತೆ. ಒಡೆದ ತಟ್ಟೆ ಬಟ್ಟಲುಗಳಿಗೆ ಲೆಕ್ಕವಿರಲಿಲ್ಲ. ಆದರೂ ಅವಳನ್ನು ಬಿಡಲಿಲ್ಲ. ಅವಳ ಮರಣಾನಂತರ ಪರೀಕ್ಷಿಸಿದಾಗ, ಬೇರೊಂದು ರೋಗವೆಂದು ಎಣಿಸಿದ್ದ ಆ ನಡುಕಕ್ಕೆ ಕಾರಣ ಈ ಕಲೆಗಳೇ ಎಂದು ತಿಳಿಯಿತು.

ಆಗ ಪಾರ್ಕಿನ್ಸನ್ ರೋಗವನ್ನೂ ಇದನ್ನೂ ಒಂದೇ ಎಂದು ಗೊಂದಲಪಡುತ್ತಿದ್ದರು. ಪಾರ್ಕಿನ್ಸನ್ ರೋಗದಲ್ಲಿ ಕೈ ಸುಮ್ಮನಿದ್ದಾಗ ನಡುಗುತ್ತದೆ. ಇದರಲ್ಲಿ ಏನನ್ನಾದರೂ ಮಾಡಹೋದಾಗ ನಡುಗುತ್ತದೆ ಎಂದು ಶಾರ್ಕೋ ವಿಂಗಡಿಸಿದನು. ಉದ್ದ ಗರಿಗಳ ಟೋಪಿಗಳನ್ನು ರೋಗಿಗಳಿಗೆ ತೊಡಿಸಿ, ಗರಿಗಳ ಅಲುಗಾಟದಿಂದ ನಡುಕದ ಭೇದವನ್ನು ವಿದ್ಯಾರ್ಥಿಗಳಿಗೆ ತೋರಿಸುತ್ತಿದ್ದನೆಂದು ಹೇಳುತ್ತಾರೆ. 1868ರಲ್ಲಿ ಅವನು ಈ ರೋಗವನ್ನು ವಿವರಿಸಿದನು. ಕಣ್ಣುಗುಡ್ಡೆಗಳ ಅದುರಾಟ, ಕೆಲಸಮಾಡುವಾಗಿನ ನಡುಕ, ಅಕ್ಷರ ಬಿಡಿಸಿ ಬಿಡಿಸಿ ಆಡುವ ಮಾತು ಎಂಬ ಮೂರು ಲಕ್ಷಣಗಳು ಇಂದಿಗೂ ‘ಶಾರ್ಕೋ ತ್ರಯ’ವೆಂದೇ ಪ್ರಸಿದ್ಧ. ಆದರೆ ಎಲ್ಲ ರೋಗಿಗಳಲ್ಲಿಯೂ ಈ ಮೂರೂ ಕಾಣುವುದಿಲ್ಲ. 1869ರಿಂದ ಅವನು ಸ್ನಾಯುಗಳನ್ನು ಕ್ಷಯಿಸುವ ಇನ್ನೊಂದು ನರರೋಗವನ್ನೂ ಬೇರ್ಪಡಿಸಿದನು. 1882ರಲ್ಲಿ ನರರೋಗಗಳಿಗೆಂದೇ ಪ್ರಾಧ್ಯಾಪಕ ಪೀಠ ಸ್ಥಾಪಿತವಾದಾಗ ಅದು ಅವನಿಗೇ ಸಂದಿತು.

ಇಲ್ಲಿ ಒಂದು ಮಾತನ್ನು ಮರೆಮಾಚಬಾರದು. ಹಿಸ್ಟೀರಿಯಾ ವಿಷಯದಲ್ಲಿ ಶಾರ್ಕೋ ಎಡವಿದನು. ವಶೀಕರಣ ನಿದ್ರೆ ಹಿಸ್ಟೀರಿಯಾ ರೋಗಿಗಳಲ್ಲಿ ಮಾತ್ರ ಸಾಧ್ಯವೆಂದನು. ಅದು ಕೇವಲ ಸೂಚನೆಯ ಪರಿಣಾಮವೆಂದು ನಾನ್ಸಿ ನಗರದ ಬರ್ನ್‌ಹೈಮ್ ವಾದಿಸಿದನು. ಕಾಲವು ಬರ್ನ್‌ಹೈಮನ ಪಕ್ಷಕ್ಕೇ ನಿಂತಿತು. ಮೊದಲ ರೋಗದಲ್ಲಿ ಶಾರ್ಕೋವಿನ ಊಹೆಯನ್ನು ತಿದ್ದಲು ಸೂಕ್ಷ್ಮದರ್ಶಕವಿತ್ತು; ಹಿಸ್ಟೀರಿಯಾದಲ್ಲಿ ತಾಳೆನೋಡಲು ಯಾವ ಕಲೆಯೂ ಇರಲಿಲ್ಲ. ಅದೇ ಕಣ್ಣು, ಅದೇ ಬುದ್ಧಿ. ಒರೆಗಲ್ಲು ಮಾತ್ರ ಇಲ್ಲವಾಯಿತು. ಎಷ್ಟೇ ದೊಡ್ಡ ಗುರುವಿನ ಮಾತಾದರೂ ಪರೀಕ್ಷೆಗೆ ನಿಲ್ಲಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಪಾಠ ಬೇಕೆ?

ರೋಗವನ್ನು ಗುರುತಿಸಿದವನಿಗೆ ಅದನ್ನು ಗುಣಪಡಿಸಲಾಗಲಿಲ್ಲ. ಸ್ಟ್ರಿಕ್ನೈನ್, ಬೆಳ್ಳಿಯ ಲವಣ ಮೊದಲಾದ ಔಷಧಗಳನ್ನು ಕೊಟ್ಟು ನೋಡಿದನು. ಶಾಶ್ವತವಾದ ಫಲ ದೊರೆಯಲಿಲ್ಲ. 1893ರ ಆಗಸ್ಟ್ 16ರಂದು ಅವನು ತೀರಿಕೊಂಡನು. ಸರಿಯಾಗಿ ನೂರು ವರ್ಷಗಳ ಮೇಲೆ, 1993ರಲ್ಲಿ, ಈ ರೋಗದ ಮರುಕಳಿಕೆಯನ್ನು ತಗ್ಗಿಸುವ ಇಂಟರ್‌ಫೆರಾನ್ ಬೀಟಾ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಇಂದು ಎಂ.ಆರ್.ಐ. ಯಂತ್ರವು ಬದುಕಿರುವವರ ಮಿದುಳಿನಲ್ಲಿಯೇ ಆ ಕಲೆಗಳನ್ನು ತೋರಿಸುತ್ತದೆ. ಸಂಪೂರ್ಣ ಗುಣಪಡಿಸುವ ಔಷಧವಂತೂ ಇನ್ನೂ ಇಲ್ಲ.

ಈ ವಿದ್ಯೆಗೆ ಶಾರ್ಕೋವಿನ ಹೆಸರಿದೆ. ಆದರೆ ಅದಕ್ಕೆ ದೇಹವನ್ನೇ ಗ್ರಂಥವಾಗಿ ಕೊಟ್ಟವರು ಸಾಲ್ಪೆಟ್ರಿಯೇರಿನ ಬಡ ಹೆಂಗಸರು. ಕೊಡುವಿರಾ ಎಂದು ಅವರನ್ನು ಯಾರಾದರೂ ಕೇಳಿದ್ದರೋ ಇಲ್ಲವೋ! ಅವರ ನೋವಿನಿಂದ ಹುಟ್ಟಿದ ಜ್ಞಾನ ಅವರಿಗೆ ಫಲಿಸಲಿಲ್ಲ. ಅನಂತರ ಬಂದವರಿಗೆ ಫಲಿಸಿತು. ಆಚಾರ್ಯನಿಗೆ ನಮಸ್ಕರಿಸುವಾಗ, ತಟ್ಟೆ ಒಡೆದ ಆ ನಡುಗುವ ಕೈಗಳಿಗೂ ನಾವು ನಮಸ್ಕರಿಸಬೇಕು.